ಎಲುಬು ಉಳಿಯದ ನೆಲದಲ್ಲಿ ಇಲಿಗಳ ಲೆಕ್ಕ

ಕೊಡಗಿನಲ್ಲಿ ಪಳೆಯುಳಿಕೆ ಹುಡುಕಿಕೊಂಡು ಬಂದವರಿಗೆ ನೆಲ ಏನನ್ನೂ ಕೊಡುವುದಿಲ್ಲ. ಇಲ್ಲಿನ ಬಂಡೆಗಳಲ್ಲಿ ಬಹುಪಾಲು 300 ಕೋಟಿ ವರ್ಷಗಳಿಗೂ ಹಳೆಯವು. ಅವು ರೂಪುಗೊಂಡ ಕಾಲಕ್ಕೆ ಭೂಮಿಯ ಮೇಲೆ ಎಲುಬಿರುವ ಜೀವಿಯೇ ಹುಟ್ಟಿರಲಿಲ್ಲ. ಬಂಡೆಯ ಮೇಲಿನ ಮಣ್ಣೂ ಎಲುಬನ್ನು ಕಾಪಾಡುವಂಥದ್ದಲ್ಲ. ಅದು ಹುಳಿ ಮಣ್ಣು. ಆಗಾಗ ಸುಣ್ಣ ಕೊಡದಿದ್ದರೆ ಹಾಕಿದ ಗೊಬ್ಬರ ಕಾಫಿ ಗಿಡಕ್ಕೆ ಹತ್ತುವುದಿಲ್ಲ ಎಂದು ಇಲ್ಲಿನ ಯಾವ ಬೆಳೆಗಾರರನ್ನು ಕೇಳಿದರೂ ಹೇಳುತ್ತಾರೆ. ಹಾಕಿದ ಸುಣ್ಣವನ್ನು ಸವೆಸುವ ಅದೇ ಹುಳಿ, ಸುಣ್ಣದಂಶದಿಂದಲೇ ಗಟ್ಟಿಯಾಗಿ ನಿಂತಿರುವ ಎಲುಬನ್ನೂ ಕರಗಿಸುತ್ತದೆ. ಅದರ ಮೇಲೆ ಭಾಗಮಂಡಲದ ಕಡೆಯ ಮಳೆ ಬೇರೆ. ಕಾಡಿನಲ್ಲಿ ಸತ್ತ ಇಲಿಯ ಗುರುತು ಬಹುಬೇಗ ಅಳಿಸಿಹೋಗುತ್ತದೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಗಡಿ ಎಲ್ಲಿರಬೇಕು ಎಂಬ ವಾದ 2011ರ ಗಾಡ್ಗೀಳ್ ವರದಿಯಿಂದ ಹೊರಟು, 2013ರ ಕಸ್ತೂರಿರಂಗನ್ ವರದಿಯನ್ನು ಹಾದು, 2024ರ ಜುಲೈ 31ರ ಆರನೆಯ ಕರಡು ಅಧಿಸೂಚನೆಗೆ ಬಂದು ನಿಂತಿದೆ. ಕೊಡಗಿನಲ್ಲಿ ಈ ವಾದ ಮುಟ್ಟದ ಊರಿಲ್ಲ. ಆನೆ ಬರುತ್ತದೆ, ಹುಲಿ ಬರುತ್ತದೆ, ಗುಡ್ಡ ಕುಸಿತ, ರೆಸಾರ್ಟು, ಕಾಫಿ ದರ ಎಲ್ಲವೂ ಬರುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟಿರುವ ಸಸ್ತನಿಗಳ ಮಾತು ಮಾತ್ರ ಬರುವುದಿಲ್ಲ. ಕಾಡಿನ ಇಲಿ, ಸುಂಡಿಲಿ, ಅಳಿಲು, ಹಾರುಬೆಕ್ಕುಗಳನ್ನು ಲೆಕ್ಕದಿಂದ ಬಿಟ್ಟರೆ ಕಾಡಿಗೆ ಏನಾಗುತ್ತಿದೆ ಎಂಬುದರ ಅತ್ಯಂತ ಸೂಕ್ಷ್ಮ ಸಾಕ್ಷ್ಯವನ್ನೇ ಬಿಟ್ಟಂತೆ ಎಂದು ನಾನು ನಂಬಿದ್ದೇನೆ. ಈ ನಂಬಿಕೆಗೆ ಆಧಾರ ಬೇರೆ ಕಡೆಯ ನೆಲದಲ್ಲಿ ಸಿಕ್ಕ ಹಲ್ಲುಗಳು.

ಸಣ್ಣ ಸಸ್ತನಿಯ ಓಡಾಟ ಸಣ್ಣದು. ಬಹಳಷ್ಟು ಜಾತಿಯ ಇಲಿಗಳು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಬದುಕಿ ಸಾಯುತ್ತವೆ. ಮಳೆ ಕಡಿಮೆಯಾಯಿತು, ಮರ ಬದಲಾಯಿತು ಎಂದರೆ ಆನೆ ಮತ್ತೊಂದು ಕಾಡಿಗೆ ನಡೆದುಬಿಡಬಹುದು. ಇಲಿಗೆ ಆ ದಾರಿಯಿಲ್ಲ. ವರ್ಷಕ್ಕೆ ಹಲವು ಸೂಲು ಮರಿ ಹಾಕುವುದರಿಂದ ಅದರ ಸಂಖ್ಯೆ ಏರುವುದೂ ಇಳಿಯುವುದೂ ಬೇಗ. ಹೀಗಾಗಿ ಒಂದು ಜಾಗದ ಹವೆ ಮತ್ತು ಹಸಿರು ಬದಲಾದ ಸುದ್ದಿಯನ್ನು ಮೊದಲು ಕೊಡುವ ಪ್ರಾಣಿಗಳಲ್ಲಿ ಇವೂ ಸೇರುತ್ತವೆ.

ಆ ಸುದ್ದಿ ಲಕ್ಷಾಂತರ ವರ್ಷ ಉಳಿಯುವುದು ಹಲ್ಲಿನಲ್ಲಿ. ದೇಹದಲ್ಲಿ ಹಲ್ಲಿನ ಹೊರಕವಚಕ್ಕಿಂತ ಗಟ್ಟಿಯಾದದ್ದು ಮತ್ತೊಂದಿಲ್ಲ. ಇಲಿಯ ದವಡೆಯಲ್ಲಿ ಮುಂದೆ ಉಳಿಯಂಥ ಬಾಚಿಹಲ್ಲು, ನಡುವೆ ಖಾಲಿ ಜಾಗ, ಹಿಂದೆ ಮೂರು ಅರೆಯುವ ಹಲ್ಲು. ಅರೆಯುವ ಹಲ್ಲಿನ ಮೇಲಿನ ಉಬ್ಬುಗಳ ಜೋಡಣೆ ಒಂದೊಂದು ಕುಲಕ್ಕೆ ಒಂದೊಂದು ರೀತಿ. ಒಂದೆರಡು ಮಿಲಿಮೀಟರಿನ ಇಂಥ ಹಲ್ಲು ಬರಿಗಣ್ಣಿಗೆ ಮರಳಿನ ಹರಳಿನಂತೆ ಕಾಣುವುದರಿಂದ ಹಳೆಯ ಕಾಲದ ಉತ್ಖನನಗಳಲ್ಲಿ ಅದು ಅಗೆದ ಮಣ್ಣಿನ ಜೊತೆಗೇ ಹೊರಗೆ ಹೋಗುತ್ತಿತ್ತು. ಮೂಟೆಗಟ್ಟಲೆ ಮಣ್ಣನ್ನು ನೀರಿನಲ್ಲಿ ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಕಣ ಕಣವಾಗಿ ಹುಡುಕುವ ಪದ್ಧತಿ ಬಂದ ಮೇಲೆಯೇ ಸಣ್ಣ ಸಸ್ತನಿಗಳ ಚರಿತ್ರೆ ತೆರೆದುಕೊಂಡಿತು.

ಭಾರತದ ಮಟ್ಟಿಗೆ ಈ ಚರಿತ್ರೆಯ ಹಳೆಯ ಪುಟವೊಂದು ನಮ್ಮ ನೆರೆಯ ತೆಲಂಗಾಣದ ನಾಸ್ಕಲ್‌ನಲ್ಲಿದೆ. ದಖ್ಖನ್ನಿನ ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಕೆರೆಯ ಕೆಸರಿನ ಪದರದಿಂದ ಜರಡಿ ಹಿಡಿದು ತೆಗೆದ ಹಲ್ಲುಗಳನ್ನು ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ವಿವರಿಸಿದರು. ಡೈನೋಸಾರ್‌ಗಳ ಕೊನೆಗಾಲದ, ಸುಮಾರು 6.6 ಕೋಟಿ ವರ್ಷ ಹಿಂದಿನ ಆ ಪುಟ್ಟ ಪ್ರಾಣಿಗೆ ಡೆಕ್ಕನೋಲೆಸ್ಟಿಸ್ ಎಂದು ಹೆಸರಿಟ್ಟರು. ಭಾರತದಲ್ಲಿ ಆ ಯುಗದ ಸಸ್ತನಿ ಸಿಕ್ಕಿದ್ದು ಅದೇ ಮೊದಲು. ಮುಂದೆ ದೊರೆತ ಹಿಮ್ಮಡಿಯ ಎಲುಬುಗಳು ಅದು ಮರ ಹತ್ತುವ ಜೀವಿಯಾಗಿತ್ತು ಎಂಬುದನ್ನು ತೋರಿಸಿದವು.

ಅಲ್ಲಿಂದ ಮುಂದಕ್ಕೆ ದೊಡ್ಡ ನೆಗೆತ ಹಾಕಿದರೆ ಶಿವಾಲಿಕ್ ಬೆಟ್ಟಸಾಲು, ಅದರಲ್ಲೂ ಈಗಿನ ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿ. ನಾವು ಮನೆಯಲ್ಲಿ ಬೋನಿಟ್ಟು ಹಿಡಿಯುವ ಇಲಿಗಳ ವಂಶಾವಳಿ ಅಲ್ಲಿನ ಪದರಗಳಲ್ಲಿ ಒಂದರ ಮೇಲೊಂದು ಕೂತಿದೆ. ಸುಮಾರು 1.4 ಕೋಟಿ ವರ್ಷ ಹಿಂದಿನ ಆಂಟೆಮಸ್, ಅದರ ಮೇಲಿನ ಪದರಗಳಲ್ಲಿ ಪ್ರೊಗೊನೊಮಿಸ್, ಆಮೇಲೆ ಕವಲೊಡೆದ ಕುಲಗಳು. ಪ್ರಯೋಗಾಲಯದ ಇಲಿ ಮತ್ತು ಚಿಟ್ಟಿಲಿಯ ವಂಶಗಳು ಬೇರೆಯಾದದ್ದು ಸುಮಾರು 1.2 ಕೋಟಿ ವರ್ಷಗಳ ಹಿಂದೆ ಎಂದು ತಳಿವಿಜ್ಞಾನಿಗಳು ಬಹುಕಾಲ ಬಳಸಿದ ಅಂದಾಜಿಗೆ ಆಧಾರವಾದದ್ದು ಈ ಹಲ್ಲುಗಳೇ. ದಂಶಕಗಳ, ಅಂದರೆ ಇಲಿ, ಅಳಿಲುಗಳಂಥ ಕೊರೆಯುವ ಹಲ್ಲಿನ ಪ್ರಾಣಿಗಳ, ವೈವಿಧ್ಯ 1.3 ಕೋಟಿ ವರ್ಷಗಳ ಸುಮಾರಿಗೆ ಅಲ್ಲಿ ಅತಿ ಹೆಚ್ಚಿತ್ತು. ಆಮೇಲೆ ಹವೆ ಒಣಗುತ್ತ, ಕಾಡು ತೆರಪಾಗುತ್ತ, ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ ಹುಲ್ಲುಗಾವಲು ಹರಡಿತು. ಹಲವು ಹಳೆಯ ಗುಂಪುಗಳು ಹಿಂದೆ ಸರಿದವು. ಇಲಿ ವಂಶ ಮುಂದೆ ಬಂತು. ಒಟ್ಟು ದಂಶಕಗಳ ಸಂಖ್ಯೆ ಕಡಿಮೆಯಾಯಿತೆಂದು ಇದರ ಅರ್ಥವಲ್ಲ. ಬಗೆ ಬಗೆಯ ಗುಂಪುಗಳು ಹಂಚಿಕೊಂಡಿದ್ದ ಜಾಗವನ್ನು ಒಂದೇ ಗುಂಪು ಹಿಡಿಯಿತು.

ಇಷ್ಟು ದೀರ್ಘ ಕಾಲದ ಬದಲಾವಣೆಯಿಂದ ಇಂದಿನ ಕೊಡಗಿಗೆ ನೇರವಾಗಿ ಏನನ್ನೂ ಹೇಳಲಾಗದು. ಅದಕ್ಕೆ ಹತ್ತಿರದ ಕಾಲ ಬೇಕು. ಉತ್ತರ ಕ್ಯಾಲಿಫೋರ್ನಿಯಾದ ಸ್ಯಾಮ್ವೆಲ್ ಗುಹೆಯಲ್ಲಿ ಸಿಕ್ಕಿದ್ದು ಅಂಥ ಕಾಲ. ಜೆಸಿಕಾ ಬ್ಲಾಯ್ಸ್, ಜೆನ್ನಿ ಮೆಗ್ವಾಯರ್ ಮತ್ತು ಎಲಿಜಬೆತ್ ಹ್ಯಾಡ್ಲಿ ಅಲ್ಲಿನ ಪದರಗಳಿಂದ ಸಣ್ಣ ಸಸ್ತನಿಗಳ ಎಲುಬು, ಹಲ್ಲುಗಳನ್ನು ಆರಿಸಿ, ಕಾಲ ನಿರ್ಣಯ ಮಾಡಿ, 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಮಯುಗ ಮುಗಿದು ಭೂಮಿ ಬಿಸಿಯಾಗುತ್ತಿದ್ದ ಹೊತ್ತು ಅದು. ಉತ್ತರ ಅಮೆರಿಕದಲ್ಲಿ ಮ್ಯಾಮತ್‌ನಂಥ ದೊಡ್ಡ ಪ್ರಾಣಿಗಳು ಅಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಸಣ್ಣವು ಮಾತ್ರ ಪಾರಾದವು ಎಂದೇ ಬಹಳ ಮಂದಿ ಭಾವಿಸಿದ್ದರು, ಏಕೆಂದರೆ ಅವುಗಳ ಪೈಕಿ ಭೂಮಿಯಿಂದಲೇ ಅಳಿದುಹೋದ ಜಾತಿಗಳು ತೀರಾ ಕಡಿಮೆ.

ಗುಹೆಯ ಪದರಗಳು ಬೇರೆಯದೇ ಕಥೆ ಹೇಳಿದವು. ಹಳೆಯ ಪದರಗಳಲ್ಲಿ ಹಲವು ಜಾತಿಗಳು ಹೆಚ್ಚುಕಡಿಮೆ ಸಮಪಾಲು ಹಂಚಿಕೊಂಡಿದ್ದವು. ಬಿಸಿಯೇರಿದ ನಂತರದ ಪದರಗಳಲ್ಲಿ ಕೆಲವು ಜಾತಿಗಳು ಆ ಜಾಗದಿಂದ ಕಾಣೆಯಾದವು, ಇನ್ನು ಕೆಲವು ವಿರಳವಾದವು. ಅವುಗಳ ಜಾಗವನ್ನು ಡಿಯರ್ ಮೌಸ್ ಎಂಬ ಒಂದೇ ಇಲಿ ಹಿಡಿಯುತ್ತಾ ಹೋಯಿತು. ಅದು ಎಲ್ಲಿ ಬೇಕಾದರೂ ಬದುಕುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ. ಅಳಿದ ಜಾತಿಗಳ ಪಟ್ಟಿಗೆ ಈ ಬದಲಾವಣೆ ಸೇರುವುದೇ ಇಲ್ಲ. ಜಾತಿಗಳು ಬೇರೆಲ್ಲೋ ಬದುಕಿವೆ. ಆ ಕಣಿವೆಯಲ್ಲಿ ಮಾತ್ರ ಸಮುದಾಯ ಬಡವಾಯಿತು.

ಈ ವ್ಯತ್ಯಾಸವನ್ನು ಬಿಡಿಸಿ ನೋಡಬೇಕು, ಏಕೆಂದರೆ ನಮ್ಮ ಸಂರಕ್ಷಣೆಯ ಚರ್ಚೆ ಎಡವುವುದು ಇಲ್ಲಿಯೇ. ಒಂದು ಪದರದಲ್ಲಿ ನೂರು ದವಡೆ ಸಿಕ್ಕವು ಎನ್ನೋಣ. ಹತ್ತು ಜಾತಿ, ಒಂದೊಂದರದ್ದು ಹತ್ತು. ಅದರ ಮೇಲಿನ ಪದರದಲ್ಲೂ ನೂರು ದವಡೆ, ಹತ್ತೇ ಜಾತಿ. ಆದರೆ ಒಂದೇ ಜಾತಿಯದ್ದು 91, ಉಳಿದ ಒಂಬತ್ತರದ್ದು ಒಂದೊಂದು. ಹೆಸರುಗಳ ಪಟ್ಟಿ ಬರೆದರೆ ಎರಡೂ ಪದರ ಒಂದೇ. ನಿಜದಲ್ಲಿ ಎರಡನೆಯದು ಕುಸಿತದ ಅಂಚಿನಲ್ಲಿರುವ ಸಮುದಾಯ: ಒಂದು ಬೇಸಿಗೆ ಜೋರಾದರೂ ಆ ಒಂಬತ್ತರಲ್ಲಿ ಎಷ್ಟು ಉಳಿಯುತ್ತವೆಯೋ ಹೇಳಲಾಗದು. ವಿಜ್ಞಾನಿಗಳು ಜಾತಿಗಳ ಸಂಖ್ಯೆಯನ್ನೂ ಅವುಗಳ ಪಾಲಿನ ಸಮತೆಯನ್ನೂ ಬೇರೆ ಬೇರೆ ಅಳೆಯುವುದು ಈ ಕಾರಣಕ್ಕೆ. ಎಣಿಸುವಾಗಲೂ ಎಚ್ಚರ ಬೇಕು. ಒಂದೇ ಇಲಿಯ ನಾಲ್ಕು ತುಂಡು ನಾಲ್ಕು ಇಲಿಯಾಗಬಾರದು ಎಂದು, ಉದಾಹರಣೆಗೆ, ಎಡಗಡೆಯ ಕೆಳದವಡೆಗಳನ್ನು ಮಾತ್ರ ಎಣಿಸುತ್ತಾರೆ. ಹೆಚ್ಚು ಎಲುಬು ಸಿಕ್ಕ ಪದರದಲ್ಲಿ ಹೆಚ್ಚು ಜಾತಿ ಕಾಣುವುದು ಸಹಜವಾದ್ದರಿಂದ ಎಲ್ಲ ಪದರಗಳನ್ನೂ ಒಂದೇ ಎಣಿಕೆಗೆ ಇಳಿಸಿ ಹೋಲಿಸುತ್ತಾರೆ.

ಇನ್ನು ದಕ್ಷಿಣ ಭಾರತದ ಸಾಕ್ಷ್ಯ. ಆಂಧ್ರದ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳಲ್ಲಿ 1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಹೆನ್ರಿ ಅಗೆತ ಶುರುಮಾಡಿದರು. ಅದು ಸುಣ್ಣಕಲ್ಲಿನ ನಾಡು. ಕೊಡಗಿನ ಮಣ್ಣು ಕರಗಿಸುವುದನ್ನು ಆ ಗುಹೆಗಳು ಕಾಪಾಡಿಕೊಂಡಿವೆ. ಅಲ್ಲಿ ಮತ್ತೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಸುಮಾರು ಎರಡು ಲಕ್ಷ ವರ್ಷಗಳ ಆ ದಾಖಲೆಯಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಇಂದಿಗೂ ಉಪಖಂಡದಲ್ಲಿ ಬದುಕಿವೆ ಎಂಬುದು ಅದರ ಮುಖ್ಯ ಮಾತು. ಈ ಅವಧಿಯ ನಡುವೆ ಹಿಮಯುಗಗಳು ಬಂದುಹೋದವು. 74 ಸಾವಿರ ವರ್ಷಗಳ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದು, ಅದರ ಬೂದಿ ಅದೇ ಸೀಮೆಯ ಜ್ವಾಲಾಪುರಂನಲ್ಲಿ ಪದರವಾಗಿ ಕೂತಿತು. ಮನುಷ್ಯರು ಬಂದು ನೆಲೆಸಿದರು. ಆದರೂ ಪಟ್ಟಿ ಹೆಚ್ಚು ಬದಲಾಗಲಿಲ್ಲ.

ಹಾಗಾದರೆ ಭಾರತದ ಕಾಡುಗಳು ಯಾವ ಹೊಡೆತವನ್ನಾದರೂ ತಡೆದುಕೊಳ್ಳುತ್ತವೆ ಎಂದು ನೆಮ್ಮದಿಯಾಗಿರಬಹುದೇ? ಕೆಲವರು ಹಾಗೆ ವಾದಿಸಬಹುದು. ನಾನು ಒಪ್ಪುವುದಿಲ್ಲ, ಎರಡು ಕಾರಣಕ್ಕೆ. ಕರ್ನೂಲಿನ ಫಲಿತಾಂಶ ಪಟ್ಟಿಯ ಫಲಿತಾಂಶ. ಯಾವುದರ ಪಾಲು ಎಷ್ಟಿತ್ತು, ಎಷ್ಟಾಯಿತು ಎಂಬ ಸ್ಯಾಮ್ವೆಲ್ ಗುಹೆಯ ಪ್ರಶ್ನೆಗೆ ಅದು ಉತ್ತರವಲ್ಲ. ಎರಡನೆಯದು ಇದಕ್ಕಿಂತ ಮುಖ್ಯ. ಆ ಪ್ರಾಣಿಗಳು ಉಳಿದದ್ದು ಕಾಡು, ಕುರುಚಲು, ಹುಲ್ಲು, ಹೊಳೆಯಂಚು ಒಂದಕ್ಕೊಂದು ಕೂಡಿಕೊಂಡಿದ್ದರಿಂದ. ಒಂದು ಕಡೆ ಒಣಗಿದರೆ ಮತ್ತೊಂದು ಕಡೆ ಸರಿಯಲು ದಾರಿಯಿತ್ತು. ಆ ಕೂಡುದಾರಿಯನ್ನು ನಾವು ಈಗ ರಸ್ತೆ, ಬೇಲಿ, ಬಡಾವಣೆ, ಒಂದೇ ಬೆಳೆಯ ತೋಟಗಳಿಂದ ಕತ್ತರಿಸುತ್ತಿದ್ದೇವೆ. ಎರಡು ಲಕ್ಷ ವರ್ಷ ಉಳಿದದ್ದು ಯಾವ ಷರತ್ತಿನ ಮೇಲೋ ಆ ಷರತ್ತೇ ತಪ್ಪುತ್ತಿರುವಾಗ, ಹಳೆಯ ದಾಖಲೆಯನ್ನು ತೋರಿಸಿ ಧೈರ್ಯ ಹೇಳುವುದು ಸರಿಯಲ್ಲ.

ಘಟ್ಟದಲ್ಲೂ ಹವೆ ಸ್ಥಿರವಾಗಿರಲಿಲ್ಲ. ಕೊಡಗಿನ ದಕ್ಷಿಣಕ್ಕೆ ನೀಲಗಿರಿಯ ಜೌಗು ತಗ್ಗುಗಳಲ್ಲಿ ಸಾವಿರಾರು ವರ್ಷಗಳ ಸಸ್ಯಾವಶೇಷ ಪದರ ಪದರವಾಗಿ ಕೂತಿದೆ. ಅದರ ಇಂಗಾಲದ ಗುಣವನ್ನು ಅಳೆದ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದಂತೆ, ಸುಮಾರು 20 ಸಾವಿರ ವರ್ಷಗಳ ಹಿಂದೆ ಮಳೆ ಕುಗ್ಗಿ ಒಣಹವೆಯ ಹುಲ್ಲು ಮೇಲುಗೈ ಪಡೆದಿತ್ತು. ಹಿಮಯುಗ ಮುಗಿದು ಮುಂಗಾರು ಬಲಗೊಂಡಾಗ ಹಸಿರು ಮತ್ತೆ ಬದಲಾಯಿತು. ಆ ಒಣಗಾಲದಲ್ಲಿ ತೇವದ ಕಾಡನ್ನೇ ನಂಬಿದ ಇಲಿ, ಅಳಿಲುಗಳು ಘಟ್ಟದ ಆಳ ಕಣಿವೆಗಳಿಗೆ ಸರಿದು, ಮಳೆ ಮರಳಿದ ಮೇಲೆ ಮತ್ತೆ ಹರಡಿರಬೇಕು ಎಂದು ಊಹಿಸುವುದು ಅಸಂಗತವಲ್ಲ. ಬ್ರಹ್ಮಗಿರಿ, ಪುಷ್ಪಗಿರಿ, ತಡಿಯಂಡಮೋಳ್ ತಪ್ಪಲಿನ ಕಣಿವೆಗಳು ಅಂಥ ಆಸರೆಯಾಗಬಲ್ಲ ಜಾಗಗಳು.

ಹಳೆಯ ಕಾಲದಿಂದ ನೇರವಾಗಿ ನಡೆದುಬಂದ ಪ್ರಾಣಿಯೊಂದು ಕೊಡಗಿನ ಕಾಡಿನಲ್ಲಿ ಜೀವಂತವಾಗಿದೆ: ಮುಳ್ಳುಗೂದಲಿನ ಇಲಿ. ಬೆನ್ನ ಮೇಲಿನ ಕೂದಲಿನ ನಡುವೆ ಚಪ್ಪಟೆ ಮುಳ್ಳು, ಬಾಲದ ತುದಿಗೆ ಕುಂಚದಂಥ ಕೂದಲು, ರಾತ್ರಿ ಮರದ ಮೇಲೆ ಓಡಾಟ, ಮರದ ಪೊಟರೆಯಲ್ಲಿ ಎಲೆ, ಪಾಚಿ ಹಾಸಿದ ಗೂಡು. ಎಡ್ವರ್ಡ್ ಬ್ಲೈತ್ 1859ರಲ್ಲಿ ಇದಕ್ಕೆ ಪ್ಲಾಟಕ್ಯಾಂತೊಮಿಸ್ ಲ್ಯಾಸಿಯೂರಸ್ ಎಂದು ಹೆಸರಿಟ್ಟರು. ಮೆಣಸಿನ ಬಳ್ಳಿಯ ಕಾಳು ತಿನ್ನುತ್ತದೆಂದು ಹಳೆಯ ಇಂಗ್ಲಿಷ್ ಬರಹಗಳಲ್ಲಿ ಇದನ್ನು ಮೆಣಸಿನ ಇಲಿ ಎಂದೇ ಕರೆದಿದ್ದಾರೆ. ಇಡೀ ಜಗತ್ತಿನಲ್ಲಿ ಇದು ಸಿಗುವುದು ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿ ಮಾತ್ರ. ಇದರ ಕುಟುಂಬದ ಇನ್ನೊಂದು ಜೀವಂತ ಕುಲ ದಕ್ಷಿಣ ಚೀನಾ ಮತ್ತು ವಿಯೆಟ್ನಾಮಿನ ಬೆಟ್ಟಗಳಲ್ಲಿದೆ. ನಡುವೆ ಸಾವಿರಾರು ಕಿಲೋಮೀಟರ್ ಖಾಲಿ.

ಆ ಖಾಲಿಯನ್ನು ತುಂಬುವುದು ಪಳೆಯುಳಿಕೆ. ಇದೇ ಕುಟುಂಬದ ನಿಯೊಕೊಮಿಟಿಸ್ ಎಂಬ ಕುಲದ ಹಲ್ಲುಗಳು ಯುರೋಪಿನಲ್ಲೂ ಥಾಯ್ಲೆಂಡಿನಲ್ಲೂ ದೊರೆತಿವೆ. ಚೀನಾದ ಯುನ್ನಾನ್ ಪ್ರಾಂತ್ಯದ ಲುಫೆಂಗ್‌ನಲ್ಲಿ ನಮ್ಮ ಪ್ರಾಣಿಯ ಕುಲದ್ದೇ ಆದ ಅಳಿದ ಜಾತಿ ಸಿಕ್ಕಿದೆ. ಅರೆಯುವ ಹಲ್ಲಿನ ಮೇಲೆ ಓರೆಯಾಗಿ ಸಾಲುಗಟ್ಟಿದ ಏಣುಗಳನ್ನು ನೋಡಿಯೇ ಇವೆಲ್ಲ ಒಂದೇ ಮನೆತನ ಎಂದು ಗುರುತಿಸುವುದು. ಕೋಟಿ ವರ್ಷಕ್ಕೂ ಹಿಂದೆ ಯುರೋಪಿನಿಂದ ಪೂರ್ವ ಏಷ್ಯಾದವರೆಗೆ ಹರಡಿದ್ದ ಕುಟುಂಬ, ತೇವದ ಕಾಡು ಕುಗ್ಗಿದಂತೆ ಕುಗ್ಗುತ್ತಾ ಬಂದು, ಕೊನೆಗೆ ಎರಡು ಮೂಲೆಗಳಲ್ಲಿ ಉಳಿದಿದೆ. ಅದರ ಒಂದು ಮೂಲೆ ನಮ್ಮದು. ಹುಲಿಗೆ ಕೊಡುವ ಗೌರವದ ಹತ್ತನೆಯ ಒಂದು ಪಾಲನ್ನಾದರೂ ನಾವು ಇದಕ್ಕೆ ಕೊಡಬೇಡವೇ?

ಕಾನೂನೂ ಬಹುಕಾಲ ಈ ಭೇದವನ್ನು ಕಾಣಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿ ಕಾಗೆ, ಹಣ್ಣು ತಿನ್ನುವ ಬಾವಲಿಗಳ ಜೊತೆ ಇಲಿ ಮತ್ತು ಚಿಟ್ಟಿಲಿಗಳನ್ನು ಒಟ್ಟಾಗಿ ಪೀಡಕ ಪ್ರಾಣಿಗಳೆಂದು ಪಟ್ಟಿ ಮಾಡಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿ ಹೋಯಿತು. ಆದರೆ ಇಲಿ ಎಂದರೆ ಎಲ್ಲವೂ ಒಂದೇ ಎಂಬ ಮನೋಭಾವ ಹೋಗಿಲ್ಲ. ಕೊಡಗಿನ ಕಾಡಿನಲ್ಲಿ ಸಿಗುವ ಸಹ್ಯಾದ್ರಿಯ ಕಾಡಿಲಿಯೊಂದನ್ನು ನೋಡಿದರೆ ಮನೆಯ ಇಲಿಯೇ ಎನ್ನಿಸುತ್ತದೆ. ತಳಿ ಪರೀಕ್ಷೆಯಿಂದ ಅದು ಬೇರೆಯೇ ಜಾತಿ ಎಂದು ಖಚಿತವಾಗಿದೆ. ಸಂಜಯ್ ಮೊಳೂರ್ ಮತ್ತು ಮೇವಾ ಸಿಂಗ್ ಕೊಡಗಿನ ಹಾರದ ಸಣ್ಣ ಸಸ್ತನಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ದಿಕ್ಕಿನಲ್ಲಿ ಗಟ್ಟಿ ಬುನಾದಿ. ಕಾಡು, ತೋಟ, ಗದ್ದೆ ಎಂದು ನೆಲದ ಬಗೆ ಬದಲಾದಂತೆ ಅಲ್ಲಿರುವ ಸಣ್ಣ ಪ್ರಾಣಿಗಳೂ ಬದಲಾಗುತ್ತವೆಯೇ ಎಂದು ಕೇಳಬೇಕಾದರೆ ಮೊದಲು ಬೇಕಾದದ್ದು ಅಂಥ ಎಣಿಕೆಯೇ.

ನನ್ನ ಆತಂಕ ತೋಟಗಳ ಮೇಲಿದೆ. ನೆರಳಿಗೆ ಹಳೆಯ ಕಾಡುಮರಗಳನ್ನು ಉಳಿಸಿಕೊಂಡ ಕಾಫಿ ತೋಟ ಕಾಡಿಗೂ ಊರಿಗೂ ನಡುವಿನ ಸೇತುವೆಯಾಗಿತ್ತು. ಈಚಿನ ದಶಕಗಳಲ್ಲಿ ಅತ್ತಿ, ಹಲಸು, ನಂದಿ, ಬೀಟೆಯ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿದೆ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಗ್ಗುತ್ತದೆ, ಕಡಿಯಲು ಊರಮರಗಳಷ್ಟು ತಕರಾರಿಲ್ಲ. ಬೆಳೆಗಾರರ ಲೆಕ್ಕ ಅವರಿಗೆ ಸರಿ. ದರ ಬಿದ್ದ ವರ್ಷ ಸಾಲ ತೀರಿಸುವುದು ಆ ಮರವೇ. ಆದರೆ ಪೊಟರೆ ಬೀಳುವಷ್ಟು ವಯಸ್ಸಾಗುವ ಮೊದಲೇ ಅದು ಕೊಯ್ತಕ್ಕೆ ಬರುತ್ತದೆ. ಪೊಟರೆಯಿಲ್ಲದಿದ್ದರೆ ಮುಳ್ಳುಗೂದಲಿನ ಇಲಿಗೂ ಹಾರುಬೆಕ್ಕಿಗೂ ಮನೆಯಿಲ್ಲ. ಹೆಗ್ಗಣ ಮತ್ತು ಮನೆ ಇಲಿಗೆ ಇದರಿಂದ ಯಾವ ನಷ್ಟವೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹವೆ ಸಾವಿರಾರು ವರ್ಷಗಳಲ್ಲಿ ಮಾಡಿದ್ದನ್ನು ಇಲ್ಲಿ ಗರಗಸ ಕೆಲವೇ ದಶಕಗಳಲ್ಲಿ ಮಾಡಬಲ್ಲದು.

ಇದು ಬರೀ ಪ್ರಾಣಿಪ್ರೀತಿಯ ವಿಷಯವಲ್ಲ. ಮನುಷ್ಯರು ಹೆಚ್ಚು ಬಳಸುವ ನೆಲದಲ್ಲಿ ರೋಗಾಣು ಹೊರುವ ಪ್ರಾಣಿಗಳ ಪಾಲು ಹೆಚ್ಚುತ್ತದೆ, ಅವುಗಳಲ್ಲಿ ದಂಶಕಗಳು ಪ್ರಮುಖ ಎಂದು 2020ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆ ತೋರಿಸಿದೆ. ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರದ ಭಯ ಏನೆಂದು ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಸರಪಳಿಯಲ್ಲೂ ಉಣ್ಣೆಗಳಿಗೆ ಆಸರೆ ಕೊಡುವ ಸಣ್ಣ ಸಸ್ತನಿಗಳಿವೆ. ಯಾವ ಇಲಿ ಎಷ್ಟಿದೆ ಎಂಬ ಪ್ರಶ್ನೆ ಆರೋಗ್ಯ ಇಲಾಖೆಯದ್ದೂ ಹೌದು.

ಇಲ್ಲಿನ ಮಣ್ಣು ಎಲುಬನ್ನು ಉಳಿಸುವುದಿಲ್ಲವಾದ್ದರಿಂದ, ಸಾವಿರ ವರ್ಷಗಳ ನಂತರ ಯಾರೋ ಬಂದು ಅಗೆದು ಕೊಡಗಿನಲ್ಲಿ ಏನಾಯಿತು ಎಂದು ತಿಳಿಯುವಂತಿಲ್ಲ. ಎಣಿಸುವುದಾದರೆ ಬದುಕಿರುವಾಗಲೇ ಎಣಿಸಬೇಕು. ಇದಕ್ಕೆ ಗುಹೆಗಳಲ್ಲಿ ಎಲುಬು ಕೂಡಿಸಿಟ್ಟ ಕೆಲಸಗಾರರನ್ನೇ ಬಳಸಿಕೊಳ್ಳಬಹುದು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮತ್ತು ಎಲುಬನ್ನು ಉಂಡೆ ಮಾಡಿ ಕಕ್ಕುತ್ತದೆ. ಹಳೆಯ ಗೋದಾಮಿನ ತೊಲೆಯ ಕೆಳಗೆ, ಪಾಳು ಲೈನ್ ಮನೆಯ ಜಂತಿಯ ಕೆಳಗೆ ಹೆಬ್ಬೆರಳಿನ ಗಾತ್ರದ ಈ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಒಂದನ್ನು ಬಿಸಿನೀರಿನಲ್ಲಿ ನೆನೆಸಿ, ಚಿಮಟದಿಂದ ಕೂದಲು ಬಿಡಿಸಿದರೆ ಹಲವು ಸಲ ತಲೆಬುರುಡೆಯೂ ದವಡೆಗಳೂ ಮುಕ್ಕಾಗದೆ ಹೊರಬರುತ್ತವೆ. ಬಾಚಿಹಲ್ಲು, ಖಾಲಿ ಜಾಗ, ಮೂರು ಅರೆಹಲ್ಲು ಇದ್ದರೆ ಇಲಿ. ನಡುವೆ ಜಾಗವಿಲ್ಲದೆ ಚೂಪು ಹಲ್ಲುಗಳು ಒತ್ತಾಗಿದ್ದರೆ ಸುಂಡಿಲಿ. ಜಾತಿ ಗುರುತಿಸುವುದು ಬಲ್ಲವರ ಕೆಲಸ. ಅದಕ್ಕೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನಂಥ ಸಂಸ್ಥೆ ಜಿಲ್ಲೆಯಲ್ಲೇ ಇದೆ.

ಈ ಸಾಕ್ಷ್ಯಕ್ಕೂ ಮಿತಿಯಿದೆ. ಕಣಜಗೂಬೆ ಹೆಚ್ಚಾಗಿ ಬೇಟೆಯಾಡುವುದು ಗದ್ದೆ ಮತ್ತು ಬಯಲಿನಲ್ಲಿ. ದಟ್ಟ ಕಾಡಿನ ಮರದ ಮೇಲಿನ ಇಲಿ ಅದರ ಉಂಡೆಯಲ್ಲಿ ಸಿಗದಿದ್ದರೆ ಆ ಇಲಿ ಇಲ್ಲವೆಂದಲ್ಲ. ಕೆಂದಳಿಲಿನಷ್ಟು ದೊಡ್ಡದನ್ನು ಅದು ಹಿಡಿಯುವುದಿಲ್ಲ. ಆದ್ದರಿಂದ ಉಂಡೆಯ ಜೊತೆಗೆ ಜೀವಂತ ಹಿಡಿದು ಬಿಡುವ ಬೋನು, ಪೊಟರೆಯ ಎದುರಿನ ಕ್ಯಾಮೆರಾ ಕೂಡ ಬೇಕು. ಬಿದಿರು ಹೂಬಿಟ್ಟ ವರ್ಷ ಬಿದಿರಕ್ಕಿ ತಿಂದು ಇಲಿ ಏಕಾಏಕಿ ಹೆಚ್ಚುವುದನ್ನು ಮಲೆನಾಡಿನವರು ಕಂಡಿದ್ದಾರೆ. ಅಂಥ ಒಂದು ವರ್ಷದ ಎಣಿಕೆ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ. ಹಳೆಯ ನೆರಳಿನ ತೋಟ, ಸಿಲ್ವರ್ ಓಕ್ ತೋಟ, ದೇವರಕಾಡು, ಗದ್ದೆಯ ಬದು, ಈ ನಾಲ್ಕು ಕಡೆ ಒಂದೇ ಕ್ರಮದಲ್ಲಿ ವರ್ಷಗಟ್ಟಲೆ ಎಣಿಸಬೇಕು. 1,200ಕ್ಕೂ ಹೆಚ್ಚು ದೇವರಕಾಡುಗಳಿರುವ ಜಿಲ್ಲೆಯಲ್ಲಿ ಹೋಲಿಕೆಗೆ ಜಾಗದ ಕೊರತೆಯಿಲ್ಲ. ದೇವರಕಾಡಿನಲ್ಲಿ ಹಲವು ಜಾತಿ ಸಮಪಾಲಿನಲ್ಲಿದ್ದು, ಪಕ್ಕದ ತೋಟದಲ್ಲಿ ಒಂದೇ ಇಲಿ ಮುಕ್ಕಾಲು ಪಾಲು ಹಿಡಿದಿದ್ದರೆ ಸ್ಯಾಮ್ವೆಲ್ ಗುಹೆಯ ಮೇಲಿನ ಪದರ ಇಲ್ಲಿ ಶುರುವಾಗಿದೆ ಎಂದರ್ಥ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿದ್ದರೆ ತೋಟ ಇನ್ನೂ ಸೇತುವೆಯಾಗಿ ಉಳಿದಿದೆ. ಸೂಕ್ಷ್ಮ ಪ್ರದೇಶದ ಚರ್ಚೆಯಲ್ಲಿ ಬೆಳೆಗಾರರ ಪರವಾಗಿ ಮಂಡಿಸಲು ಅದಕ್ಕಿಂತ ಬಲವಾದ ಪುರಾವೆ ಇರಲಾರದು. ಉತ್ತರ ಯಾವ ಕಡೆ ವಾಲಿದರೂ, ಉಂಡೆ ಸಿಕ್ಕ ಜಾಗ, ದಿನಾಂಕ ಮತ್ತು ಸುತ್ತಲಿನ ನೆರಳುಮರ ಯಾವುದು ಎಂದು ಚೀಟಿಯಲ್ಲಿ ಬರೆದು ಜೊತೆಗಿಡದಿದ್ದರೆ ಆ ಎಲುಬಿನಿಂದ ಯಾರಿಗೂ ಪ್ರಯೋಜನವಾಗದು.